ತ್ರಿಕೋನದ ತುದಿಯಲ್ಲೊಂದು ಕೆಂಪು ವೃತ್ತ

ಮೈದಾ ಅಂಟು ಕುದಿಯುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಈಗ ಅಂಗಡಿಯಲ್ಲಿ ತುಟಿಗೆ ಹಚ್ಚುವ ಬಣ್ಣದ ಕಡ್ಡಿಯಂಥ ಗೋಂದು ಸಿಗುತ್ತದೆ; ಮುಚ್ಚಳ ತೆಗೆದು ಉಜ್ಜಿದರೆ ಆಯಿತು. ಆದರೆ ಅಡುಗೆಮನೆಯ ಕಪಾಟಿನೊಳಗೆ ಹೊಸ ಕಾಗದ ಅಂಟಿಸುವ ದಿನ ನಾನು ಈಗಲೂ ಹಿಡಿ ಮುರಿದ ಹಳೇ ಪಾತ್ರೆಯಲ್ಲಿ ಮೈದಾ ಕದಡಿ, ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕಿ, ಸಣ್ಣ ಉರಿಯ ಮೇಲಿಟ್ಟು ತಿರುವುತ್ತೇನೆ. ಮೊದಲು ಹಸಿ ಹಿಟ್ಟಿನ ವಾಸನೆ. ಆಮೇಲೆ ಜ್ವರ ಬಂದವರಿಗೆ ಕೊಡುವ ಗಂಜಿಯ ವಾಸನೆ. ಕೊನೆಗೆ ದಪ್ಪ ಗುಳ್ಳೆಯೊಂದು ಪುಳಕ್ಕೆಂದು ಒಡೆಯುವಾಗ ಇನ್ನೊಂದು ವಾಸನೆ ಬರುತ್ತದೆ. ಅದಕ್ಕೆ ನನ್ನ ಹತ್ತಿರ ಇರುವುದು ಒಂದೇ ಹೆಸರು: ಸ್ಟೆಲ್ಲಾ ಮಿಸ್.

ಮೊನ್ನೆ ಬೆಳಿಗ್ಗೆ ಬಂಗಾರಪೇಟೆಯ ನಮ್ಮ ಮನೆಯಲ್ಲಿ ಆ ಗುಳ್ಳೆ ಒಡೆಯಿತು. ನಾನು ಒಲೆಯ ಮುಂದೆ ಒಬ್ಬಳೇ ನಿಂತು ನಗತೊಡಗಿದೆ. ಎಂಥ ನಗು ಎಂದರೆ, ಸೌಟು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕಾಯಿತು. ಶೂ ಹಾಕಿಕೊಳ್ಳುತ್ತಿದ್ದ ನಮ್ಮವರು ಇಣುಕಿ, “ಏನಾಯ್ತೇ? ಒಬ್ಬಳೇ ನಗ್ತಿದ್ದೀಯಲ್ಲ,” ಎಂದರು. ಅವರು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವವರು. ಕಾರಣವಿಲ್ಲದ ನಗುವನ್ನೂ ಅಳತೆ ತಪ್ಪಿದ ಮಾಲಿನಂತೆ ಪಕ್ಕಕ್ಕೆ ತೆಗೆದಿಡುವ ಸ್ವಭಾವ.

“ಏನಿಲ್ಲ, ಮಿಸ್ ನೆನಪಾದ್ರು,” ಎಂದೆ.

“ಓ, ಆ ರೌಂಡು, ಟ್ರಯಾಂಗಲ್ಲು,” ಎಂದು ಹೇಳಿ ಅವರು ಬಸ್ಸಿಗೆ ಹೊರಟರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ನಿಮಗೆ ಅಷ್ಟೇ ಹೇಳಿದರೆ ಸಾಲದು. ಕೂತುಕೊಳ್ಳಿ, ಅಂದು ಅಂಟು ಆರುವ ತನಕ ನಾನು ನೆನೆಸಿಕೊಂಡದ್ದನ್ನೆಲ್ಲ ಹೇಳುತ್ತೇನೆ.

ಸ್ಟೆಲ್ಲಾ ಮಿಸ್ ಕೆಜಿಎಫ್‌ನ ನಮ್ಮ ಕಾನ್ವೆಂಟಿನ ಡ್ರಾಯಿಂಗ್ ಟೀಚರು. ಎತ್ತರದ ಆಳು, ಗಂಜಿ ಹಾಕಿದ ಕಾಟನ್ ಸೀರೆ, ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಬಣ್ಣದ ಕಲೆ. ನಿನ್ನೆ ಹಸಿರು ಕಲೆ ಇದ್ದಲ್ಲಿ ಇವತ್ತು ಕೆಂಪು ಇದ್ದರೆ ನಮಗೆ ಅದೇ ಸುದ್ದಿ. ಗೆರೆ ದಾಟದಂತೆ ಬಣ್ಣ ತುಂಬುವ ವಿದ್ಯೆಯಲ್ಲಿ ನಾನು ನಿಸ್ಸೀಮೆ. ನಾನು ಮುಗಿಸಿದ ಹಾಳೆ ಇಸ್ತ್ರಿ ಮಾಡಿದ ಹಾಗಿರುತ್ತಿತ್ತು. ನನ್ನ ಚಿತ್ರವೂ ಪ್ರತಿ ವಾರ ಅದೇ. ಎರಡು ಗುಡ್ಡ, ಒಂದು ಮನೆ, ಬಲಮೂಲೆಯಲ್ಲಿ ಕಾಲು ಭಾಗ ಸೂರ್ಯ. ಗುಡ್ಡ ಎಂದರೆ ನಮಗೆ ಗೊತ್ತಿದ್ದದ್ದು ಗಣಿಯ ಪುಡಿ ಸುರಿದು ಸುರಿದು ಎದ್ದ ಸೈನೈಡ್ ಗುಡ್ಡ. ಹಾಗಾಗಿ ನನ್ನ ಗುಡ್ಡಗಳ ನೆತ್ತಿ ಚಪ್ಪಟೆ. ಬೇರೆ ಊರಿನ ಹುಡುಗಿಯರ ಗುಡ್ಡಗಳು ಚೂಪಾಗಿರುತ್ತವೆಂದು ತಿಳಿದದ್ದು ಮದುವೆಯಾದ ಮೇಲೆ.

ಒಂದು ದಿನ ಮಿಸ್ ನನ್ನ ಬೆಂಚಿನ ಹತ್ತಿರ ಬಂದು ಬಹಳ ಹೊತ್ತು ಬಗ್ಗಿ ನೋಡಿದರು. ಹೊಗಳುತ್ತಾರೆಂದು ನಾನು ಜಡೆ ಮುಂದಕ್ಕೆ ಹಾಕಿಕೊಂಡೆ.

“ಈ ಸೂರ್ಯ ಯಾಕೆ ಮೂಲೇಲಿ ನಿಂತಿದ್ದಾನೆ?” ಎಂದು ಕೇಳಿದರು. “ಹೋಂವರ್ಕ್ ಮಾಡಿಲ್ವಾ?”

ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ಅಳು ಬಂತು. ಮಿಸ್ ನನ್ನ ತಲೆ ಸವರಿ, “ಪಾಪ, ಕರೆದು ನಡುವೆ ಕೂರಿಸು. ಅವನೂ ಮಗೂನೇ,” ಎಂದರು.

ಆಕಾರಗಳ ಪಾಠ ಶುರುವಾದದ್ದು ಅದರ ಮರುವಾರ. ಮಿಸ್ ಒಂದು ಚೀಲದ ತುಂಬ ರಟ್ಟಿನ ವೃತ್ತ, ಚೌಕ, ತ್ರಿಕೋನ ತಂದು ನೆಲದ ಮೇಲೆ ಸುರಿದರು. “ಇವತ್ತು ಯಾರೂ ಯಾವ ವಸ್ತುವಿನ ಚಿತ್ರಾನೂ ಮಾಡಬಾರದು. ಈ ವೃತ್ತಕ್ಕೆ ಭಯ ಆಗಬೇಕು. ಹೇಗೆ ಮಾಡ್ತೀರಾ, ಮಾಡಿ.” ನಾವು ಮುಖ ಮುಖ ನೋಡಿಕೊಂಡೆವು. ಒಬ್ಬಳು ವೃತ್ತದೊಳಗೆ ಅಗಲಿಸಿದ ಎರಡು ಕಣ್ಣು ಬರೆದಳು. “ಕಣ್ಣು ಬರೆದು ಮೋಸ ಮಾಡಬೇಡ,” ಎಂದರು ಮಿಸ್. ಆಗ ಹಿಂದಿನ ಬೆಂಚಿನ, ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಮೆಲ್ಲಗೆ ಬಂದು ವೃತ್ತವನ್ನು ಹಾಳೆಯ ಅಂಚಿಗೆ ತಳ್ಳಿ, ತ್ರಿಕೋನಗಳ ಚೂಪು ತುದಿಗಳನ್ನೆಲ್ಲ ಅದರ ಕಡೆಗೆ ತಿರುಗಿಸಿ ಇಟ್ಟಳು. ನಂಬುತ್ತೀರೋ ಇಲ್ಲವೋ, ನಾವೆಲ್ಲ ಒಟ್ಟಿಗೆ “ಅಯ್ಯೋ!” ಎಂದೆವು. ಒಂದು ರಟ್ಟಿನ ಬಿಲ್ಲೆಗಾಗಿ!

ಸಮುದ್ರದಾಚೆ, ಸುಮಾರು ನೂರು ವರ್ಷದ ಹಿಂದೆ, ಕೆಲವು ಚಿತ್ರಗಾರರಿಗೆ ಮರ, ಮನೆ, ದೊಡ್ಡವರ ಮುಖ ಬರೆದು ಬರೆದು ಸಾಕಾಯಿತಂತೆ. ಮಿಸ್ ಅದನ್ನು ಹೇಳುತ್ತಿದ್ದ ರೀತಿಯೇ ಬೇರೆ. “ಅಲ್ಲೀವರೆಗೆ ಪಾಪ, ವೃತ್ತ ಸೂರ್ಯನಾಗಿ, ಊಟದ ತಟ್ಟೆಯಾಗಿ, ಗಾಡಿ ಚಕ್ರವಾಗಿ ದುಡೀತಾನೇ ಇತ್ತು. ತ್ರಿಕೋನಕ್ಕೆ ಮನೆ ಸೂರು ಹೊತ್ತೂ ಹೊತ್ತೂ ಬೆನ್ನು ನೋವು. ಅವರೇನು ಮಾಡಿದ್ರು? ಎಲ್ಲಾ ಆಕಾರಗಳಿಗೂ ಕೆಲಸದಿಂದ ರಜಾ ಕೊಟ್ಟು ಆಟಕ್ಕೆ ಬಿಟ್ಟರು. ಮಾಡರ್ನ್ ಆರ್ಟ್ ಅಂದ್ರೆ ಅಷ್ಟೇ ಕಣ್ರೇ, ಗೇಮ್ಸ್ ಪೀರಿಯಡ್ಡು.”

ನಾನು ತಲೆಯಾಡಿಸಿದೆ, ಮನೆಗೆ ಹೋಗಿ ಮತ್ತೆ ಚಪ್ಪಟೆ ಗುಡ್ಡ ಬರೆದೆ. ಕೆಲವರಿಗೆ ಪಾಠ ಕಿವಿಗೆ ತಲುಪಿದರೂ ಕೈಗೆ ಇಳಿಯುವುದು ತಡ. ಈಗಲೂ ನಾನು ಹಪ್ಪಳ ಒಣಹಾಕಿದರೆ ಸ್ಕೂಲಿನ ಅಸೆಂಬ್ಲಿಯಂತೆ ಸಾಲು ಹಿಡಿದು ನಿಂತಿರುತ್ತವೆ.

ಮದುವೆಯಾಗಿ ಬಂಗಾರಪೇಟೆಗೆ ಬಂದ ಮೇಲೆ ಎಷ್ಟೋ ಕಾಲ ಮಿಸ್ ಸಿಗಲಿಲ್ಲ. ಅಷ್ಟರಲ್ಲಿ ಗಣಿ ಮುಚ್ಚಿತ್ತು, ಅವರು ರಿಟೈರಾಗಿದ್ದರು. ಒಂದು ದಿನ ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ, ಎದುರು ಸೀಟಿನಲ್ಲಿ, ಸೆರಗಿನ ತುದಿಯ ನೀಲಿ ಕಲೆ ಕಂಡಿತು. ಮುಖ ನೋಡುವ ಮೊದಲೇ ನಾನು ಎದ್ದು ನಿಂತು “ಗುಡ್ ಆಫ್ಟರ್‌ನೂನ್ ಮಿಸ್” ಎಂದುಬಿಟ್ಟಿದ್ದೆ. ಬೋಗಿಯ ಜನ ತಿರುಗಿ ನೋಡಿದರು. ಮಿಸ್ ಕನ್ನಡಕ ಸರಿಮಾಡಿಕೊಂಡು, “ಕೂತ್ಕೋ. ಸೂರ್ಯ ಹೇಗಿದ್ದಾನೆ?” ಎಂದರು.

ಅಲ್ಲಿಂದ ನಾನು ಆಗಾಗ ಕೆಜಿಎಫ್‌ನ ಕೋರಮಂಡಲ್‌ಗೆ ಹೋಗತೊಡಗಿದೆ. ಗಣಿಯ ಕಾಲದ ಸಾಲುಮನೆ ಅವರದು. ಮುಂದೆ ಒಂದು ಕೋಣೆ, ಹಿಂದೆ ಒಂದು ಕೋಣೆ, ಅದರಾಚೆ ಅಡುಗೆಯ ಮೂಲೆ. ಹಿಂದಿನ ಕೋಣೆಗೆ ಕಿಟಕಿಯೇ ಇಲ್ಲ. ಹಗಲಲ್ಲೂ ದೀಪ ಬೇಕು. ಮುಂದಿನ ಕೋಣೆಗೆ ಮಾತ್ರ ಬೀದಿಯ ಕಡೆ ದೊಡ್ಡ ಕಿಟಕಿ. ಆ ಕಿಟಕಿಯ ಬೆಳಕಿನಲ್ಲಿ ಮಿಸ್ ತಮ್ಮ ಆಟ ಹೂಡಿದ್ದರು. ಗೋಡೆಯ ಅಗಲಕ್ಕೆ ಪ್ಲೈವುಡ್ ಹಲಗೆ, ಅದರ ಮೇಲೆ ಎಳೆದು ಕಟ್ಟಿದ ಕಪ್ಪು ಬಟ್ಟೆ. ಸೀರೆಯ ಡಬ್ಬಿ, ಚಪ್ಪಲಿ ಡಬ್ಬಿ, ಬಿಸ್ಕೆಟ್ ಡಬ್ಬಿಗಳ ರಟ್ಟು ಕತ್ತರಿಸಿ, ಮೈದಾ ಅಂಟಿನಿಂದ ಬಣ್ಣದ ಕಾಗದ ಅಂಟಿಸಿ, ಆ ಆಕಾರಗಳನ್ನು ಬಟ್ಟೆಯ ಮೇಲೆ ಗುಂಡುಪಿನ್ನಿನಿಂದ ಚುಚ್ಚಿಡುತ್ತಿದ್ದರು. ಖಾಯಂ ಅಂಟಿಸುತ್ತಿರಲಿಲ್ಲ. “ಒಂದು ರಾತ್ರಿ ಅಕ್ಕಪಕ್ಕ ಮಲಗಲಿ. ಬೆಳಿಗ್ಗೆ ಎದ್ದಾಗ ಮಾತಾಡಿಕೊಳ್ಳದೆ ಇದ್ರೆ ಬೇರೆ ಮಾಡೋಣ,” ಎನ್ನುತ್ತಿದ್ದರು. ಕತ್ತರಿಸುವ ಕೆಲಸಕ್ಕೆ ನಾನು ಕೈ ಹಚ್ಚುತ್ತಿದ್ದೆ. ನನ್ನ ತ್ರಿಕೋನಗಳಿಗೆ ಮೂರೂ ಕಡೆ ಒಂದೇ ಅಳತೆ. ಮಿಸ್ ಅದನ್ನು ಕೈಗೆತ್ತಿಕೊಂಡು ಒಂದು ಮೂಲೆಯನ್ನು ಕಚಕ್ಕೆಂದು ಕತ್ತರಿಸಿ, “ಹೂಂ, ಈಗ ಉಸಿರಾಡ್ತಿದೆ,” ಎನ್ನುತ್ತಿದ್ದರು.

ಆ ಕೋಣೆಯ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಮಿಸ್‌ನ ಅದೇ ಮನೆಯಲ್ಲಿದ್ದ ತಮ್ಮ ಆರೋಗ್ಯಸಾಮಿ, ಎಲ್ಲರ ಬಾಯಲ್ಲಿ ಸಾಮಿ ಅಣ್ಣ. ಗಣಿಯೊಳಗೆ ಬಂಡೆ ಕುಸಿಯದ ಹಾಗೆ ಮರದ ದಿಮ್ಮಿ ನಿಲ್ಲಿಸಿ ಆಸರೆ ಕೊಡುವ ಕೆಲಸ ಮಾಡಿದವರು. ಮನೆಯಲ್ಲಿ ಸ್ಟೂಲು ಕೊಂಚ ಅಲುಗಿದರೂ ಕಾಲಡಿಗೆ ಮಡಚಿದ ಕಾಗದ ಇಡದೆ ಕೂರುತ್ತಿರಲಿಲ್ಲ. ಗಣಿ ಮುಚ್ಚಿದ ಮೇಲೆ ಅವರಿಗೂ ಅವರ ಗೆಳೆಯರಿಗೂ ಉಳಿದದ್ದು ಕೇರಂ ಒಂದೇ. ಬೇವಿನ ಮರದ ಕೆಳಗೆ ಆಡುತ್ತಿದ್ದರು. ಗಾಳಿ ಬಂದರೆ ಪೌಡರ್ ಹಾರುತ್ತಿತ್ತು, ಮೇಲಿಂದ ಬೇವಿನ ಹಣ್ಣು ಬೋರ್ಡಿನ ನಡುವೆ ಬಿದ್ದು ರಾಣಿಯನ್ನೇ ತಳ್ಳಿಬಿಡುತ್ತಿತ್ತು.

“ಅಕ್ಕಾ, ನಿನ್ನ ಚೂರೆಲ್ಲಾ ಹಿಂದಿನ ರೂಮಿಗೆ ತಗೊಂಡೋಗು. ಈ ರೂಮು ನಮಗೆ ಬಿಡು,” ಎಂದು ಸಾಮಿ ಅಣ್ಣ ಒಂದು ಮಧ್ಯಾಹ್ನ ನನ್ನೆದುರಿಗೇ ಶುರುಮಾಡಿದರು.

“ಅಲ್ಲಿ ನೀಲಿಗೂ ಹಸಿರಿಗೂ ವ್ಯತ್ಯಾಸ ಗೊತ್ತಾಗಲ್ಲ ಕಣೋ.”

“ಇಲ್ಲಿ ಗೊತ್ತಾಗಿ ಏನು ಆಯ್ತು? ಎನ್ನ ಅಕ್ಕಾ ಇದು, ಏನಿದೆಲ್ಲಾ? ಯಾರಿಗಾದ್ರೂ ಅರ್ಥ ಆಗುತ್ತಾ? ಕೇರಂ ಆದ್ರೆ ನೋಡು, ರೌಂಡು ಹೋಗಿ ಗುಂಡಿಗೆ ಬಿದ್ರೆ ಅರ್ಥ ಆಗುತ್ತೆ.”

ಮಾತಿಗೆ ಮಾತು ಬೆಳೆದು ಕೊನೆಗೆ ಪಂದ್ಯವೇ ಆಯಿತು. ಬರುವ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ಬಾಗಿಲು ತೆರೆದಿಡುವುದು. ಬೀದಿಯವರೆಲ್ಲ ಬಂದು ನೋಡಲಿ. ಮಿಸ್ ಏನೂ ಹೇಳಿಕೊಡಬಾರದು. ಒಬ್ಬರಾದರೂ ತಾವಾಗಿಯೇ ‘ಅರ್ಥ ಆಯ್ತು’ ಎಂದರೆ ಕೋಣೆ ಅಕ್ಕನದು. ಇಲ್ಲದಿದ್ದರೆ ಸಂಜೆಗೆ ಕೇರಂ ಬೋರ್ಡು ಒಳಗೆ. ಮಿಸ್ ಗತ್ತಿನಿಂದ ಒಪ್ಪಿದರು. ಆದರೆ ನನ್ನನ್ನು ಸ್ಟೇಷನ್ನಿನವರೆಗೆ ಬಿಡಲು ಬಂದಾಗ, ರೈಲಿನ ಸದ್ದು ಕೇಳುತ್ತಿದ್ದ ಹಾಗೇ ನನ್ನ ಮೊಣಕೈ ಹಿಡಿದುಕೊಂಡು, “ಆ ಕಿಟಕಿ ಹೋದ್ರೆ ನಾನು ಬರೀ ರಿಟೈರ್ಡ್ ಟೀಚರು ಕಣೇ,” ಎಂದರು. ಅವರ ಕೈ ತಣ್ಣಗಿತ್ತು. ಬಂಗಾರಪೇಟೆವರೆಗೂ ನಾನು ಕಿಟಕಿಯಾಚೆ ನೋಡಲಿಲ್ಲ.

ಭಾನುವಾರ ನಾನು ಮೊದಲ ರೈಲಿಗೇ ಹೋದೆ, ಒಂದು ಡಬ್ಬಿ ಕೋಡುಬಳೆ ಹಿಡಿದುಕೊಂಡು. ಅರ್ಥವಾಗದವರಿಗೆ ತಿನ್ನಲಾದರೂ ಏನಾದರೂ ಇರಲಿ ಎಂದು. ಮಿಸ್ ದೊಡ್ಡ ಹಲಗೆಯ ಮುಂದೆ ನಿಂತಿದ್ದರು. ಮೇಲಿಂದ ಕೆಳಗಿನವರೆಗೆ ಉದ್ದನೆಯ ಬೂದು ಪಟ್ಟಿ. ಅದರ ಎರಡು ಪಕ್ಕಕ್ಕೂ ಚಾಚಿಕೊಂಡ ಅಡ್ಡಪಟ್ಟಿಗಳು, ಒಂದು ಗಿಡ್ಡ, ಒಂದು ಉದ್ದ. ನಡುವೆ ಓರೆಯಾಗಿ ಹಾಯ್ದ ತೆಳ್ಳನೆಯ ಹಳದಿ. ಅಲ್ಲಲ್ಲಿ ಚೂಪು ತ್ರಿಕೋನಗಳು. ತೀರಾ ಕೆಳಗೆ, ಯಾರ ಗೊಡವೆಯೂ ಬೇಡವೆಂಬಂತೆ, ಒಂದು ಕೆಂಪು ವೃತ್ತ. “ಈ ಉದ್ದನೆಯವನು ಹಟಮಾರಿ. ಈ ಕೆಂಪು ಒಬ್ಬಳೇ ಕೂತು ಒಳಗೊಳಗೇ ನಗ್ತಿದ್ದಾಳೆ,” ಎಂದು ಪಿಸುಗುಟ್ಟಿದರು. ಬಂದವರಿಗೆ ಇಷ್ಟು ಹೇಳುವಂತಿದ್ದರೆ ಅರ್ಧ ಬೀದಿ ಗೆದ್ದಂತೆಯೇ. ಆದರೆ ಪಂದ್ಯ ಪಂದ್ಯ.

ಸಾಮಿ ಅಣ್ಣ ಜಗಲಿಯಲ್ಲಿ ಕೇರಂ ಬೋರ್ಡನ್ನು ಗೋಡೆಗೆ ಆನಿಸಿ, ಪೌಡರ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆ ಮನೆಯ ಯಜಮಾನನಂತೆ ಕೂತಿದ್ದರು.

ಮೊದಲು ಬಂದದ್ದು ಪಕ್ಕದ ಮನೆಯ ಲಕ್ಷ್ಮಕ್ಕ. “ಇದೇನ್ ಮಿಸ್, ಟೈಲರ್ ಅಂಗಡಿ ಚೂರೆಲ್ಲಾ ಒಂದ್ಕಡೆ ಸೇರಿ ಮೀಟಿಂಗ್ ಮಾಡ್ತಾವೆ?” ಎಂದು ನಕ್ಕು, ಕೋಡುಬಳೆ ತಗೊಂಡು ಹೋದರು. ಆಮೇಲೆ ಬಂದವರೊಬ್ಬರು ಕೈಕಟ್ಟಿಕೊಂಡು ಬಹಳ ಹೊತ್ತು ನಿಂತು, “ಏನಿದು ಮಿಸ್?” ಎಂದರು. ಮಿಸ್, “ನಿಮಗೇನನ್ನಿಸುತ್ತೆ?” ಎಂದದ್ದೇ ತಡ, ಪರೀಕ್ಷೆಯಲ್ಲಿ ಬಾರದ ಪ್ರಶ್ನೆ ಕಂಡವರಂತೆ ಬೆವರಿ, “ಬರ್ತೀನಿ ಮಿಸ್, ಕುಕ್ಕರ್ ಇಟ್ಟಿದ್ದೀನಿ,” ಎಂದು ಹೊರಟರು. ಅಂದು ಕೋರಮಂಡಲ್‌ನಲ್ಲಿ ಎಲ್ಲರೂ ಕುಕ್ಕರ್ ಇಟ್ಟೇ ಬಂದಿದ್ದರು. ಒಬ್ಬೊಬ್ಬರು ಹೊರಗೆ ಬಂದಾಗಲೂ ಸಾಮಿ ಅಣ್ಣ ಕೇಳುವುದು, “ಅರ್ಥ ಆಯ್ತಾ?” ಅವರು ತಲೆ ಅಲ್ಲಾಡಿಸುವುದು, ಇವರು ಪೌಡರ್ ಡಬ್ಬಿಯನ್ನು ಒಮ್ಮೆ ತಟ್ಟುವುದು. ಒಳಗೆ ಮಿಸ್ ಬೆನ್ನು ಸೆಟೆದುಕೊಂಡೇ ನಿಂತಿದ್ದರು. ನಾನು ಟೀ ಸೋಸುವ ನೆಪದಲ್ಲಿ ಹಿಂದೆ ಹೋಗಿ ಇದ್ದಬದ್ದ ದೇವರಿಗೆಲ್ಲ ಕೈಮುಗಿದು ಬಂದೆ. ಮೇರಿ ಮಾತೆಗೂ ಹೇಳಿದೆ. ಮಿಸ್ ಆಕೆಗೇ ಹತ್ತಿರದವರಲ್ಲವೇ.

ಆಗ ಬಂದರು ಮುನಿವೆಂಕಟಪ್ಪ. ಬಂಗಾರಪೇಟೆ ಕಡೆಯ ಹಳ್ಳಿಯವರು, ಸಾಮಿ ಅಣ್ಣನ ಜೊತೆ ಗಣಿಯಲ್ಲಿ ಇಳಿದವರು, ಕೇರಂನಲ್ಲಿ ಅವರ ಖಾಯಂ ಎದುರಾಳಿ. ಕಂಕುಳಲ್ಲಿ ನುಗ್ಗೆಕಾಯಿ ಕಟ್ಟು. ಮಿಸ್‌ಗೆ ಅದನ್ನು ಕೊಟ್ಟು ಹೋಗಲೆಂದು ಒಳಗೆ ಕಾಲಿಟ್ಟವರು ಹಲಗೆಯ ಮುಂದೆ ಗಕ್ಕನೆ ನಿಂತರು. ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು ಬಂದರು. ನುಗ್ಗೆಕಾಯಿ ಒಂದೊಂದಾಗಿ ಕೆಳಗೆ ಜಾರುತ್ತಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ.

“ಲೇ ಸಾಮಿ!” ಎಂದು ಕೂಗಿದರು. “ಇಲ್ ಬಾರ್ಲಾ! ಇದು ನಮ್ ಶಾಫ್ಟು ಕಣ್ಲಾ!”

“ಯಾವ ಶಾಫ್ಟೋ?”

“ನಾವ್ ಗಣಿಗ್ ಇಳೀತಿದ್ ಬಾವಿ! ನೋಡ್ಲಾ, ಇಂಗೇ ನೆಟ್ಟಗೆ ಕೆಳಕ್ಕೆ ಓಗೋದು. ಇವು ಪಕ್ಕದ್ ಸುರಂಗ. ಇಲ್ಲಿ ಬಂಡೆ ಸಿಡೀತಲ್ಲ, ಅದ್ಕೇ ಈ ಮೂರ್ಮೂಲೆ ಇಕ್ಕವ್ರೆ. ಈ ಅಳದಿ ನೋಡು, ಬಂಗಾರದ್ ಪದರ. ಅಬ್ಬೋ! ಮಿಸ್ಸು ಒಂದ್ ದಿನಾನೂ ಒಳಕ್ ಇಳಿದೋರಲ್ಲ, ಎಂಗ್ ಬರೆದ್ರು!”

ನಿಮಗೆ ನಗು ಬರುತ್ತಿರಬಹುದು. ಆದರೆ ಆ ಊರಿನಲ್ಲಿ ಉದ್ದ ಗೆರೆ, ಅಡ್ಡ ಗೆರೆ ಒಟ್ಟಿಗೆ ಕಂಡರೆ ಬೇರೇನು ಕಾಣಬೇಕು ಹೇಳಿ! ಸಾಮಿ ಅಣ್ಣ ಡಬ್ಬಿ ಬಿಟ್ಟು ಒಳಗೆ ಬಂದರು. ಅವರ ಹಿಂದೆ ಕೇರಂ ಗೆಳೆಯರು. ಕ್ಷಣದಲ್ಲಿ ಕೋಣೆ ತುಂಬಿತು. ಕನ್ನಡ, ತಮಿಳು, ತೆಲುಗು ಮೂರೂ ಒಟ್ಟಿಗೆ ಕುದಿಯತೊಡಗಿದವು. ಕೆಂಪು ವೃತ್ತದ ಮೇಲೆ ದೊಡ್ಡ ಜಗಳವಾಯಿತು. ಅದು ನೀರೆತ್ತುವ ಪಂಪು ಎಂದೊಬ್ಬರು, ಮೇಸ್ತ್ರಿಯ ಟಾರ್ಚು ಎಂದೊಬ್ಬರು. “ಅಲ್ಲ ಕಣ್ರಲಾ, ನಾವ್ ಬುತ್ತಿ ಬಿಚ್ತಿದ್ ಜಾಗ ಅದು,” ಎಂದು ಮುನಿವೆಂಕಟಪ್ಪ ಹೇಳಿದ ಮೇಲೆ ಎಲ್ಲರೂ ಒಪ್ಪಿ ಸುಮ್ಮನಾದರು. ಒಬ್ಬರ ಮೂಗಿಗೆ ಯಾವುದೋ ಹಳೆಯ ಉಪ್ಪಿನಕಾಯಿಯ ವಾಸನೆ ಬಂದಿರಬೇಕು, ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಬೀದಿಯಲ್ಲಿ ಬೇರೆಯೇ ಕಥೆ ಓಡತೊಡಗಿತ್ತು: ಮಿಸ್ ಮನೆಯಲ್ಲಿ ನಕ್ಷೆ ಇದೆಯಂತೆ, ತೆಗೆಯದೆ ಬಿಟ್ಟ ಬಂಗಾರ ಎಲ್ಲಿದೆ ಅಂತ ಹಳದಿಯಲ್ಲಿ ತೋರಿಸಿದ್ದಾರಂತೆ! ಕುಕ್ಕರ್ ಇಟ್ಟು ಬಂದಿದ್ದವರೆಲ್ಲ ಅದನ್ನು ಇಳಿಸಿ ಮತ್ತೆ ಓಡಿ ಬಂದರು. ಲಕ್ಷ್ಮಕ್ಕ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ, “ಆ ಅಳದಿ ನಮ್ ಬಚ್ಚಲ್ ಕಡೆ ತಿರುಗ್ದಂಗಿಲ್ವಾ ನೋಡ್ರೀ,” ಎನ್ನುತ್ತಿದ್ದರು.

ಸಾಮಿ ಅಣ್ಣನ ಮುಖ ಇಳಿಯಿತು. ನ್ಯಾಯಸ್ಥ ಮನುಷ್ಯ. “ಸರಿ ಅಕ್ಕಾ,” ಎಂದರು. “ಒಬ್ಬನಿಗಲ್ಲ, ಊರಿಗೇ ಅರ್ಥ ಆಯ್ತು. ರೂಮು ನಿಂದೇ.”

ನನ್ನ ಕೈಯಲ್ಲಿ ಟೀ ತಟ್ಟೆ. ನಾನು ಮಿಸ್‌ನ ಮುಖ ನೋಡಿ ಕಣ್ಣಲ್ಲೇ ಬೇಡಿಕೊಂಡೆ: ಮಿಸ್, ಸುಮ್ಮನಿರಿ. ಒಂದು ಮಾತೂ ಬೇಡ. ತಲೆಯನ್ನೂ ಆಡಿಸಬೇಡಿ, ಸುಮ್ಮನೆ ನಿಂತಿರಿ ಸಾಕು, ಕಿಟಕಿ ನಿಮ್ಮದು.

ಮಿಸ್ ಆ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, “ಅಲ್ಲ,” ಎಂದರು.

“ಏನ್ ಅಲ್ಲ?”

“ಅದು ಶಾಫ್ಟ್ ಅಲ್ಲ. ಉದ್ದ ಇದೆ, ಬೂದು ಬಣ್ಣ ಇದೆ, ಅಷ್ಟೆ. ಹಳದಿ ಬರೀ ಹಳದಿ. ನನಗೆ ಗಣಿ ಗೊತ್ತಿಲ್ಲಪ್ಪ. ನಾನು ಆಟ ಆಡಿದ್ದು.”

ನಾನು ಟೀ ತಟ್ಟೆಯನ್ನು ನೆಲದ ಮೇಲಿಟ್ಟುಬಿಟ್ಟೆ.

“ನಿಮ್ಗೆ ಗೊತ್ತಾಗಾಕಿಲ್ಲ ಬುಡಿ ಮಿಸ್,” ಎಂದರು ಮುನಿವೆಂಕಟಪ್ಪ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. “ಬರೆದೋರ್ ನೀವೇ ಆದ್ರೂ ಇಳಿದೋರ್ ನಾವು.”

ಮಿಸ್ ಹಲಗೆಯ ಹತ್ತಿರ ಹೋಗಿ, ಕೆಳಗೆ ಬಗ್ಗಿ, ಕೆಂಪು ವೃತ್ತದ ಪಿನ್ನು ಕಿತ್ತು, ಅದನ್ನು ಎಲ್ಲಕ್ಕಿಂತ ಮೇಲೆ ಚುಚ್ಚಿದರು.

“ಅಯ್ಯಯ್ಯೋ!” ಎಂದಿತು ಕೋಣೆ. “ಬುತ್ತಿ ಜಾಗ ಆಕಾಶಕ್ ಓಯ್ತಲ್ಲಾ!”

ಮಿಸ್ ಉದ್ದನೆಯ ಪಟ್ಟಿಯನ್ನೂ ಬಿಡಿಸಿ ಅಡ್ಡ ಮಲಗಿಸಿದರು. ಗಣಿ ಇನ್ನೊಂದು ಸಲ ಮುಚ್ಚಿದ ಹಾಗೆ ಆ ಗಂಡಸರು ನಿಂತಿದ್ದರು. ಮಿಸ್‌ಗೂ ಅದು ತಿಳಿಯಿತೆಂದು ಕಾಣುತ್ತದೆ. ಮೇಲಿದ್ದ ಕೆಂಪು ವೃತ್ತವನ್ನು ಮತ್ತೆ ಕಿತ್ತು ತಮ್ಮನ ಅಂಗೈಯಲ್ಲಿಟ್ಟು, “ನೀನೇ ಇಡೋ. ಎಲ್ಲಿ ಬೇಕೋ ಅಲ್ಲಿ,” ಎಂದರು.

ಸಾಮಿ ಅಣ್ಣ ಅದನ್ನು ಹಿಡಿದುಕೊಂಡು ನೇರ ಕೆಳಕ್ಕೆ, ಹಳೆಯ ಜಾಗಕ್ಕೇ ಹೋದರು. ಪಿನ್ನು ಚುಚ್ಚಬೇಕು, ಕೈ ನಿಂತಿತು. ಪಕ್ಕಕ್ಕೆ ಸರಿಯಿತು. ಏನನ್ನಿಸಿತೋ, ಅಲ್ಲೇ ಇದ್ದ ಒಂದು ತ್ರಿಕೋನದ ಚೂಪು ತುದಿಯ ಮೇಲೆ ವೃತ್ತವನ್ನು ಚುಚ್ಚಿ ನಿಲ್ಲಿಸಿದರು.

“ಬೀಳ್ತದೆ ಕಣ್ಲಾ,” ಎಂದರು ಮುನಿವೆಂಕಟಪ್ಪ ತಕ್ಷಣ.

ಸಾಮಿ ಅಣ್ಣನಿಗೂ ಹಾಗೇ ಅನ್ನಿಸಿರಬೇಕು. ಅಕ್ಕನ ಚೂರುಗಳ ಬುಟ್ಟಿಯಿಂದ ಸಣ್ಣ ಪಟ್ಟಿಯೊಂದನ್ನು ಆರಿಸಿ ವೃತ್ತದ ಅಡಿಗೆ ಆಸರೆಯಾಗಿ ನಿಲ್ಲಿಸಿದರು. ಇನ್ನೊಂದು ಪಕ್ಕಕ್ಕೂ ಒಂದು. ಹಿಂದೆ ಸರಿದು ನೋಡಿದರು. ಆಮೇಲೆ ಒಂದು ಪಟ್ಟಿ ಮೆಲ್ಲಗೆ ತೆಗೆದರು. ವೃತ್ತ ಅಲುಗಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು, ನಾನೂ ಕೂಡ. ಪಿನ್ನು ಚುಚ್ಚಿದ ರಟ್ಟು ಬೀಳುವುದಿಲ್ಲವೆಂದು ಆ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ. ಇನ್ನೊಂದು ಪಟ್ಟಿಯನ್ನೂ ತೆಗೆದರು. ಚೂಪು ತುದಿಯ ಮೇಲೆ ಕೆಂಪು ವೃತ್ತ ಹಾಗೇ ನಿಂತಿತ್ತು.

“ಅಕ್ಕಾ!” ಎಂದರು ಸಾಮಿ ಅಣ್ಣ. ಅವರ ದನಿ ಒಡೆದು ಹುಡುಗನದಾಗಿತ್ತು. “ಇಲ್ಲಿ ಯಾವುದೂ ಬೀಳಲ್ವಲ್ಲಾ ಅಕ್ಕಾ!”

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ವಿವರಿಸಲಾರೆ, ನಡುನಡುವೆ ನಗು ಬಂದುಬಿಡುತ್ತದೆ. ಮುನಿವೆಂಕಟಪ್ಪ ಒಂದು ದೊಡ್ಡ ಚೌಕವನ್ನು ಕೂದಲೆಳೆಯಂಥ ಪಟ್ಟಿಯ ಮೇಲೆ ನಿಲ್ಲಿಸಿ, “ನೋಡ್ರಲಾ, ಐತೆ!” ಎಂದು ಕುಣಿದರು. ಒಬ್ಬರು ತ್ರಿಕೋನಗಳನ್ನೆಲ್ಲ ತಲೆಕೆಳಗು ಮಾಡಿದರು. ಆಯುಷ್ಯವೆಲ್ಲ ತಲೆಯ ಮೇಲಿನ ಬಂಡೆಗೆ ಕಿವಿಗೊಟ್ಟು ಬದುಕಿದ ಜನ, ಭಾರವೇ ಇಲ್ಲದ ಲೋಕವೊಂದು ಕೈಗೆ ಸಿಕ್ಕಿ ಹುಚ್ಚೆದ್ದು ಹೋಗಿದ್ದರು. ಆಕಾರಗಳು ಸಾಲದೆ ಬಂದಾಗ ಕೇರಂ ಕಾಯಿಗಳನ್ನೇ ತಂದು ಮೈದಾ ಅಂಟು ಮೆತ್ತಿ ಹಲಗೆಗೆ ಒತ್ತಿದರು. ಅವು ಮೆಲ್ಲಗೆ ಜಾರುವುದನ್ನು ನೋಡಿ ಇನ್ನಷ್ಟು ಕೇಕೆ ಹಾಕಿದರು. ಲಕ್ಷ್ಮಕ್ಕ ಕಿಟಕಿಯಿಂದಲೇ ಕೈ ತೂರಿಸಿ, “ಆ ನೀಲಿ ಇನ್ನೊಸಿ ಈಕಡೆ, ಈಕಡೆ, ಆಂ, ಅಲ್ಲೇ!” ಎಂದು ನಿರ್ದೇಶನ ಕೊಟ್ಟರು. ಇದೇನು, ಅದೇನು ಎಂದು ಯಾರೂ ಕೇಳಲಿಲ್ಲ. ಕೇಳಲು ಪುರುಸೊತ್ತಿರಲಿಲ್ಲ.

ಊಟದ ಹೊತ್ತು ಮೀರಿದ ಮೇಲೆ ಮಿಸ್ ಸ್ಟೂಲಿನ ಮೇಲೆ ಕೂತು, “ಈಗ ಹೇಳು, ಅರ್ಥ ಆಯ್ತಾ?” ಎಂದು ತಮ್ಮನನ್ನು ಕೇಳಿದರು.

ಸಾಮಿ ಅಣ್ಣ ಪ್ರಾಮಾಣಿಕವಾಗಿ ಯೋಚಿಸಿದರು. “ಇಲ್ಲ ಅಕ್ಕಾ. ಏನೂ ಅರ್ಥ ಆಗ್ಲಿಲ್ಲ. ಕೈ ಮಾತ್ರ ಬಿಡ್ತಿಲ್ಲ,” ಎಂದು, ಜಗಲಿಯ ಕೇರಂ ಬೋರ್ಡನ್ನು ತಾವೇ ಹೊತ್ತು ಬೇವಿನ ಮರದ ಕೆಳಗೆ ಇಟ್ಟು ಬಂದರು. ಪಂದ್ಯದ ಲೆಕ್ಕದಲ್ಲಿ ಮಿಸ್ ಸೋತಿದ್ದರು. ಕೋಣೆಯ ಮಾತನ್ನು ಮಾತ್ರ ಆಮೇಲೆ ಯಾರೂ ಎತ್ತಲಿಲ್ಲ.

ಇಷ್ಟೆಲ್ಲ ನೆನೆಸಿಕೊಳ್ಳುವಷ್ಟರಲ್ಲಿ ನನ್ನ ಅಂಟು ಆರಿ ಮೇಲೆ ಕೆನೆ ಕಟ್ಟಿತ್ತು. ಕೈ ಒರೆಸಿಕೊಂಡು ಮಿಸ್‌ಗೆ ಫೋನ್ ಮಾಡಿದೆ. ಈಗ ಅವರಿಗೆ ಮೊಣಕಾಲು ನೋವು, ಕಿವಿ ಸ್ವಲ್ಪ ಮಂದ; ಗಂಟಲು ಮಾತ್ರ ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವಂಥದೇ.

“ನೀನಾದ್ರೂ ನಿಮ್ಮ ಸಾಮಿ ಅಣ್ಣನಿಗೆ ಬುದ್ಧಿ ಹೇಳು!” ಎಂದು ಶುರುಮಾಡಿದರು. “ಬೆಳಗಾಗೋದೇ ತಡ, ಮುಂದಿನ ರೂಮಿಗೆ ಹೋಗಿ ಒಳಗಿಂದ ಚಿಲಕ ಹಾಕ್ಕೊಂಡು ಕೂರ್ತಾನೆ. ಬಾಗಿಲು ತಟ್ಟಿದ್ರೆ, ‘ಈಗ ಬರಬೇಡ ಅಕ್ಕಾ, ಹಳದಿ ಇನ್ನೂ ಒಪ್ಪಿಲ್ಲ’ ಅಂತಾನೆ! ಆ ಮುನಿವೆಂಕಟಪ್ಪ ಬೇರೆ, ಕತ್ತರಿ ಹಿಡ್ಕೊಂಡು ಬಸ್ಸಲ್ಲಿ ಬರ್ತಾನೆ. ಕೇರಂ ಆಗಿದ್ರೆ ಸಂಜೆಗಾದ್ರೂ ಮುಗೀತಿತ್ತು. ಇದು ಮುಗಿಯೋದೇ ಇಲ್ವಲ್ಲೇ! ನಾನೀಗ ಹಿಂದಿನ ರೂಮಿನಲ್ಲಿ ಕೂತು ನೀಲಿಗೆ ಹಸಿರು ಅಂಟಿಸ್ತಾ ಇದ್ದೀನಿ.”

“ಇಲ್ಲಿಗೆ ಬಂದುಬಿಡಿ ಮಿಸ್,” ಎಂದೆ. “ನಮ್ಮ ಹಾಲ್‌ನ ಗೋಡೆ ನಿಮಗೆ.”

ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಗೋಡೆ ನಮ್ಮವರ ರಾಜ್ಯ. ಮದುವೆಯ ಫೋಟೋ, ಕಾರ್ಖಾನೆಯವರು ಕೊಟ್ಟ ಫಲಕ, ದುಂಡು ಗಡಿಯಾರ, ಕ್ಯಾಲೆಂಡರ್, ಎಲ್ಲವನ್ನೂ ಅವರು ಕೂದಲೆಳೆಯಷ್ಟೂ ಓರೆಯಾಗದಂತೆ ರಸಮಟ್ಟ ಇಟ್ಟು ನೋಡಿ ಮೊಳೆ ಹೊಡೆದಿದ್ದಾರೆ. ಆದರೆ ಆ ಕಡೆಯಿಂದ ಮಿಸ್ ಆಗಲೇ, “ನಾಳೆ ಸಂಜೆ ರೈಲಿಗೆ ಬರ್ತೀನಿ, ಪಿನ್ನು ನಾನೇ ತರ್ತೀನಿ,” ಎಂದು ಫೋನ್ ಇಟ್ಟಾಗಿತ್ತು.

ನಾನು ಕುರ್ಚಿ ಎಳೆದುಕೊಂಡು ಹತ್ತಿ ಒಂದೊಂದನ್ನೇ ಇಳಿಸಿದೆ. ಕ್ಯಾಲೆಂಡರನ್ನು ಅಡುಗೆಮನೆಗೆ, ಫಲಕವನ್ನು ಬೀರುವಿನೊಳಕ್ಕೆ. ನಮ್ಮ ಮದುವೆಯ ಫೋಟೋವನ್ನು ಮಂಚದ ಮೇಲೆ ಮಲಗಿಸಿ ದುಪ್ಪಟಿ ಹೊದಿಸಿದೆ. ಸಂಜೆ ನಮ್ಮವರು ಬಂದು, ಶೂ ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿ, ಖಾಲಿ ಗೋಡೆಯ ಮುಂದೆ ನಿಂತರು.

“ಏನಿದು? ಇಲ್ಲಿ ಏನು ಬರುತ್ತೆ?”

“ಗೊತ್ತಿಲ್ಲ,” ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಯಾವ ಪ್ರಶ್ನೆಗೂ ನಾನು ಇಷ್ಟು ಖುಷಿಯಿಂದ ಉತ್ತರ ಕೊಟ್ಟಿರಲಿಲ್ಲ.

ಸುಣ್ಣ ಮಾಸಿದ ಗೋಡೆಯ ಮೇಲೆ ಫೋಟೋ ಇದ್ದಲ್ಲಿ ಒಂದು ಬಿಳಿ ಚೌಕ ಉಳಿದಿತ್ತು. ಫಲಕದ ಜಾಗದಲ್ಲಿ ಚಿಕ್ಕದಿನ್ನೊಂದು. ಗಡಿಯಾರ ಇದ್ದಲ್ಲಿ ಅಚ್ಚ ಬಿಳಿಯ ಒಂದು ವೃತ್ತ. ಒಂದು ಕಾಲಿನಲ್ಲಿ ಶೂ, ಒಂದು ಕಾಲಿನಲ್ಲಿ ಬರೀ ಕಾಲುಚೀಲ, ನಮ್ಮವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಬಹಳ ಹೊತ್ತು ನೋಡಿದರು.

“ಆ ದುಂಡು,” ಎಂದರು ಕೊನೆಗೆ, “ಒಂಚೂರು ಎಡಕ್ಕಿದ್ದಿದ್ರೆ ಚೆನ್ನಾಗಿರ್ತಿತ್ತು, ಅಲ್ವಾ?”